ಮೊದಲ ಸ್ಟೀಲ್ ಗಿಟಾರನ್ನು ಕೊಳ್ಳುವವರಿಗೆ

ಬಾನುಲಿಯಲ್ಲಿ ಸುಗಮ ಸಂಗೀತ ಬರುತ್ತಿರುವಾಗ ಹಾಡುಗಾರರ ದನಿಯ ಹಿಂದಿನಿಂದ ಮತ್ತೊಂದು ಕಂಠ ಹಾಡಿದಂತೆ ಕೇಳುವ ತಂತಿಯ ನಾದವೊಂದು ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುವುದಿಲ್ಲ, ಜಾರುತ್ತದೆ. ಪಿಟೀಲಿನ ಕೊರೆತ ಅದರಲ್ಲಿಲ್ಲ, ಸಿತಾರಿನ ಝಣತ್ಕಾರವೂ ಇಲ್ಲ. ಆ ವಾದ್ಯವೇ ಸ್ಟೀಲ್ ಗಿಟಾರ್. ನಮ್ಮ ದೇಶದಲ್ಲಿ ಅದಕ್ಕೆ ಹವಾಯಿ ಗಿಟಾರ್ ಎಂಬ ಹೆಸರು ರೂಢಿಯಾಗಿದೆ. ಅದರ ವಂಶದಲ್ಲೇ ಹುಟ್ಟಿ, ಕಾಲುಗಳ ಮೇಲೆ ನಿಂತು, ಪೆಡಲುಗಳನ್ನು ಕಟ್ಟಿಕೊಂಡು ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ದೊಡ್ಡ ಹೆಸರು ಪಡೆದ ತಮ್ಮನೊಬ್ಬನಿದ್ದಾನೆ. ಅವನೇ ಪೆಡಲ್ ಸ್ಟೀಲ್ ಗಿಟಾರ್. ಈಗಿನ ಮಕ್ಕಳು ಮೊಬೈಲಿನಲ್ಲಿ ಮೊದಲು ಕಾಣುವುದು ಈ ತಮ್ಮನನ್ನೇ. ಕಂಡೊಡನೆ, ತಮಗೂ ಅದೇ ಬೇಕೆಂದು ಹಟ ಹಿಡಿಯುತ್ತಾರೆ.

ಹೀಗೆ ಹಟ ಹಿಡಿದ ಹುಡುಗನೊಬ್ಬನ ತಂದೆ, ನನ್ನ ಹಳೆಯ ವಿದ್ಯಾರ್ಥಿ, ಕಮಲಾಪುರದಲ್ಲಿದ್ದಾನೆ. ಆ ಊರಿನ ಕೆಂಪು ಬಾಳೆಯ ಹೆಸರನ್ನು ಕೇಳದ ಕಲಬುರಗಿಯವರಿಲ್ಲ. ಇವನದೂ ಅದೇ ಬೆಳೆ. "ಹುಡುಗ ಊಟ ಬಿಟ್ಟು ಕುಂತಾನ್ರಿ ಸರ್. ಲಕ್ಷದ ಮ್ಯಾಲ ಆಗ್ತದ ಅಂತಾರ. ಕೊಡಸ್ಲೋ ಬ್ಯಾಡೋ, ನೀವೇ ಒಂದು ಮಾತು ಹೇಳ್ರಿ" ಎಂದು ಕೇಳಿದ. ಕನ್ನಡ ಪಾಠ ಹೇಳುವ ಮೇಷ್ಟರನ್ನು ಇದನ್ನೇಕೆ ಕೇಳಿದ ಎಂದು ತಾವು ಅಚ್ಚರಿಪಡಬಹುದು. ಇಪ್ಪತ್ತು ವರ್ಷಗಳಿಂದ ಸಂಜೆಯ ಹೊತ್ತು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತುಕೊಳ್ಳುವ ಚಟ ನನಗುಂಟು. ಅದು ಅವನಿಗೆ ಗೊತ್ತು. ಅವನಿಗೆ ಹೇಳಿದ್ದನ್ನೇ ತುಸು ವಿಸ್ತರಿಸಿ ಇಲ್ಲಿ ಹೇಳುತ್ತೇನೆ. ಒಂದು ಬೆಳೆಯ ಹಣ ಒಂದು ಪೆಟ್ಟಿಗೆಯೊಳಗೆ ಹೋಗಿ, ಆ ಪೆಟ್ಟಿಗೆ ಮಂಚದ ಕೆಳಗೆ ಸೇರುವಂತಾಗಬಾರದಷ್ಟೆ.

ಮೊದಲು ಈ ವಾದ್ಯ ಎಲ್ಲಿಯದು ಎಂಬುದನ್ನು ನೋಡೋಣ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಗಿಟಾರು ಹೋದದ್ದು ಹೊರಗಿನಿಂದ, ದನ ಕಾಯುವವರ ಮತ್ತು ನಾವಿಕರ ಜೊತೆಯಲ್ಲಿ. 1880ರ ದಶಕದ ಕೊನೆಯ ವೇಳೆಗೆ ಅಲ್ಲಿನ ಜೋಸೆಫ್ ಕೆಕುಕು ಎಂಬ ಶಾಲಾ ಬಾಲಕ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳನ್ನು ಬೆರಳಿನಿಂದ ಒತ್ತುವ ಬದಲು ಅವುಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ನುಡಿಸತೊಡಗಿದ ಎಂದು ಅಲ್ಲಿಯವರು ನಂಬುತ್ತಾರೆ. 'ಸ್ಟೀಲ್' ಎಂಬ ಹೆಸರು ಬಂದದ್ದು ಈ ಉಕ್ಕಿನ ತುಂಡಿನಿಂದಲೇ ಹೊರತು ತಂತಿಯಿಂದಲ್ಲ. ಇನ್ನೊಂದು ಸ್ವಾರಸ್ಯದ ಹೇಳಿಕೆಯೂ ಉಂಟು: ಕೆಕುಕುವಿಗಿಂತ ಮೊದಲೇ ಗೇಬ್ರಿಯಲ್ ಡೇವಿಯನ್ ಎಂಬಾತ ಹೊನೊಲುಲುವಿನಲ್ಲಿ ಹಾಗೆ ನುಡಿಸುತ್ತಿದ್ದನೆಂದೂ, ಅವನು ಭಾರತದಲ್ಲಿ ಹುಟ್ಟಿ ಹಡಗಿನ ಕಪ್ತಾನನೊಬ್ಬನ ಕೈಗೆ ಸಿಕ್ಕಿ ಅಲ್ಲಿಗೆ ಹೋದವನೆಂದೂ ಹೇಳುತ್ತಾರೆ. ಇದನ್ನು ಕೇಳಿ ನಾವು ಬಹಳ ಬೀಗಬೇಕಾಗಿಲ್ಲ. ಆದರೆ ತಂತಿಯ ಮೇಲೆ ತುಂಡನ್ನು ಜಾರಿಸಿ ನುಡಿಸುವ ಕ್ರಮ ನಮ್ಮಲ್ಲಿ ಪುರಾತನವೆಂಬುದು ಮಾತ್ರ ನಿಜ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 'ಸಂಗೀತ ರತ್ನಾಕರ'ದಲ್ಲಿ ವರ್ಣಿಸಿರುವ ಏಕತಂತ್ರೀ ವೀಣೆಯನ್ನು ಬಿದಿರಿನ ತುಂಡೊಂದನ್ನು ಜಾರಿಸಿಯೇ ನುಡಿಸುತ್ತಿದ್ದರು. ದಕ್ಷಿಣದ ಗೋಟುವಾದ್ಯವೂ ಅಂಥದೇ. ಅದಕ್ಕೆ ಮೆಟ್ಟಿಲುಗಳಿಲ್ಲ, ಕರಿಮರದ ಗೋಟೊಂದು ತಂತಿಯ ಮೇಲೆ ಓಡಾಡುತ್ತದೆ. ಚಿತ್ರವೀಣೆ ಎಂದು ಈಗ ಹೆಚ್ಚಾಗಿ ಕರೆಯುವ ಆ ವಾದ್ಯದಲ್ಲಿ ಹೆಸರಾದ ಎನ್. ರವಿಕಿರಣ್ 1967ರಲ್ಲಿ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ.

ಹವಾಯಿ ಗಿಟಾರು ನಮ್ಮ ದೇಶದಲ್ಲಿ ಬೇರೂರಿದ್ದು ಕಲ್ಕತ್ತೆಯಲ್ಲಿ. ಟಾವ್ ಮೊ ಎಂಬ ಹವಾಯಿ ವಾದಕರು 1940ರ ದಶಕದಲ್ಲಿ ಸಂಸಾರಸಮೇತ ಅಲ್ಲಿ ನೆಲೆಸಿದ್ದರು. ಅವರಿಂದ ಕಲಿತವರೂ ಅವರನ್ನು ಕೇಳಿ ಕಲಿತವರೂ ಸೇರಿ ಆ ಊರಿನಲ್ಲಿ ಈ ವಾದ್ಯಕ್ಕೆ ಒಂದು ಪರಂಪರೆಯನ್ನೇ ಕಟ್ಟಿದರು. ವಾದ್ಯಗಳನ್ನು ಮಾಡುವ ಕುಶಲಕರ್ಮಿಗಳೂ ಅಲ್ಲಿ ಬೆಳೆದರು. ಚಿತ್ರಗೀತೆಗಳನ್ನು ಗಿಟಾರಿನ ಮೇಲೆ ಹಾಡಿಸಿದ ವಾನ್ ಶಿಪ್ಲೆ, ಸುನಿಲ್ ಗಂಗೂಲಿ ಮೊದಲಾದವರ ತಟ್ಟೆಗಳು ಒಂದು ಕಾಲಕ್ಕೆ ಮನೆಮನೆಯಲ್ಲಿದ್ದವು. ಶಾಸ್ತ್ರೀಯ ಸಂಗೀತದ ಪೀಠಕ್ಕೆ ಇದನ್ನು ಏರಿಸಿದವರು ಜೋಧಪುರದ ಬ್ರಿಜ್‌ಭೂಷಣ್ ಕಾಬ್ರಾ. ಅಲಿ ಅಕ್ಬರ್ ಖಾನರ ಶಿಷ್ಯರಾದ ಇವರು ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಇವರೊಡನೆ 1967ರಲ್ಲಿ ನುಡಿಸಿದ 'ಕಾಲ್ ಆಫ್ ದಿ ವ್ಯಾಲಿ' ಎಂಬ ಧ್ವನಿಮುದ್ರಿಕೆಯನ್ನು ಇಂದಿಗೂ ಕೇಳುವವರಿದ್ದಾರೆ. ಜಯಪುರದ ವಿಶ್ವಮೋಹನ ಭಟ್ಟರು ಅದೇ ಗಿಟಾರಿಗೆ ತರಬ್ ತಂತಿಗಳನ್ನು ಸೇರಿಸಿ ಮೋಹನವೀಣೆ ಎಂದು ಹೆಸರಿಟ್ಟರು. ಅಮೆರಿಕದ ರೈ ಕೂಡರ್ ಜೊತೆಗೂಡಿ ನುಡಿಸಿದ್ದಕ್ಕೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಇವರಾರೂ ಪೆಡಲನ್ನು ಮುಟ್ಟಲಿಲ್ಲ. ಏಕೆಂಬುದನ್ನು ತಿಳಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆ.

ಪೆಡಲಿನ ಕೆಲಸವೇನು? ಪಾಶ್ಚಾತ್ಯ ಸಂಗೀತದಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವ ಸ್ವರಮೇಳಕ್ಕೆ, ಅಂದರೆ ಕಾರ್ಡಿಗೆ, ಪ್ರಾಧಾನ್ಯ. ಉಕ್ಕಿನ ತುಂಡು ನೇರವಾದದ್ದು. ಅದನ್ನು ತಂತಿಗಳ ಮೇಲೆ ಎಲ್ಲಿಟ್ಟರೂ ತೆರೆದ ತಂತಿಗಳ ನಡುವಣ ಅಂತರವೇ ಉಳಿಯುತ್ತದೆ; ಸ, ಗ, ಪ ಎಂದು ಶ್ರುತಿ ಮಾಡಿದ್ದರೆ ಎಲ್ಲೆಲ್ಲಿಯೂ ಅದೇ ಆಕಾರದ ಮೇಳ. ಬೇರೆ ಆಕಾರ ಬೇಕಾದರೆ ಒಂದೆರಡು ತಂತಿಗಳ ಶ್ರುತಿಯನ್ನೇ ನುಡಿಸುತ್ತಿರುವಾಗ ಬದಲಿಸಬೇಕು. ಆ ಕೆಲಸಕ್ಕೆ ಬಂದದ್ದು ಪೆಡಲು. ಕಾಲಿನಿಂದ ಒಂದನ್ನು ಒತ್ತಿದರೆ ಗ ತಂತಿ ಮ ಆಗುತ್ತದೆ, ಇನ್ನೊಂದನ್ನು ಒತ್ತಿದರೆ ಪ ತಂತಿ ಧ ಆಗುತ್ತದೆ. ಎರಡನ್ನೂ ಒತ್ತಿದಾಗ ಸ‑ಗ‑ಪ ಇದ್ದದ್ದು ಸ‑ಮ‑ಧ ಆಗಿ, ತುಂಡನ್ನು ಕದಲಿಸದೆಯೇ ಮೇಳ ಬದಲಾಗುತ್ತದೆ. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ತಂತಿ ಪ್ರಕೃತಿ, ಪೆಡಲು ಪ್ರತ್ಯಯ: 'ಮರ' ಎಂಬುದು ನಿಂತಲ್ಲೇ ನಿಂತು 'ಮರವನ್ನು', 'ಮರದಿಂದ' ಆಗುವ ಹಾಗೆ. ಇಂಥ ಯಂತ್ರಗಳು 1940ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದವು. ಆದರೆ ಒತ್ತುವಾಗ ಸ್ವರ ಏರುವ ಸದ್ದನ್ನೇ ಒಂದು ಅಲಂಕಾರವಾಗಿ ಜನ ಮೆಚ್ಚಿದ್ದು 1954ರಲ್ಲಿ, ವೆಬ್ ಪಿಯರ್ಸನ 'ಸ್ಲೋಲಿ' ಎಂಬ ಹಾಡಿನಲ್ಲಿ ಬಡ್ ಐಸಾಕ್ಸ್ ನುಡಿಸಿದ ಮೇಲೆ.

ಈಗ ನಮ್ಮ ಸಂಗೀತದ ಕಡೆಗೆ ತಿರುಗಿ. ನಮ್ಮಲ್ಲಿ ಮೇಳ ಬದಲಾಗುವುದಿಲ್ಲ. ತಂಬೂರಿ ಷಡ್ಜ ಪಂಚಮಗಳನ್ನು ಹಿಡಿದು ಕುಳಿತಿರುತ್ತದೆ. ಅದರ ಮೇಲೆ ಒಂದೇ ಎಳೆಯಾಗಿ ರಾಗ ಸಾಗುತ್ತದೆ. ನಮಗೆ ಬೇಕಾದದ್ದು ಮೀಂಡ್, ಗಮಕ. ಅದನ್ನು ಕೊಡುವುದು ಎಡಗೈಯ ಉಕ್ಕಿನ ತುಂಡೇ ಹೊರತು ಪೆಡಲಲ್ಲ. ಆಕಾಶವಾಣಿಯು ಹಾರ್ಮೋನಿಯಮ್ಮನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತೆಂಬುದು ಹಳಬರಿಗೆ ನೆನಪಿರಬಹುದು. ಅದರ ಮೇಲಿನ ದೊಡ್ಡ ಆಕ್ಷೇಪಣೆಯೆಂದರೆ ಪೇಟಿಯ ಮನೆಗಳ ನಡುವಣ ನಾದ ಅದಕ್ಕೆ ಎಟಕುವುದಿಲ್ಲ ಎಂಬುದು. ಸ್ಟೀಲ್ ಗಿಟಾರು ಇದಕ್ಕೆ ನೇರ ವಿರುದ್ಧ. ಅದರ ಸಂಪತ್ತೆಲ್ಲ ಮನೆಗಳ ನಡುವೆಯೇ ಇದೆ. ಆದ್ದರಿಂದ ವಚನ, ದಾಸರ ಪದ, ಭಾವಗೀತೆ, ರಾಗ ಇವುಗಳನ್ನು ನುಡಿಸುವ ಮನಸ್ಸುಳ್ಳವನಿಗೆ ಪೆಡಲ್ ಸ್ಟೀಲ್ ಎಂಬುದು ಬೆಲೆ ಕೊಟ್ಟು ತಂದ ಅಡಚಣೆ. ನನ್ನ ಈ ಮಾತನ್ನು ಒಪ್ಪದವರಿರಬಹುದು. ಅವರಿಗಾಗಿ ಮುಂದೆ ನಾಲ್ಕು ಮಾತು ಹೇಳುತ್ತೇನೆ.

ಹಾಗಾದರೆ ಮೊದಲು ಏನನ್ನು ಕೊಳ್ಳಬೇಕು? ಏನನ್ನೂ ಕೊಳ್ಳದೆ ಇರಲು ಸಾಧ್ಯವೇ ಎಂದು ಮೊದಲು ನೋಡಿ. ಮನೆಯಲ್ಲಾಗಲಿ ನೆಂಟರಲ್ಲಾಗಲಿ ಉಕ್ಕಿನ ತಂತಿಯ ಸಾಧಾರಣ ಗಿಟಾರೊಂದು ಮೂಲೆಯಲ್ಲಿ ನಿಂತಿದ್ದರೆ ಅದೇ ಸಾಕು. ಬಿರಡೆಗಳ ಬಳಿ ತಂತಿಗಳು ಹಾಯುವ ಸಣ್ಣ ಪಟ್ಟಿಯ ಮೇಲೆ ಕೂರಿಸುವ ಲೋಹದ ಎತ್ತರದ ಪಟ್ಟಿಯೊಂದು ವಾದ್ಯದ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಕ್ಕುತ್ತದೆ. ಅದನ್ನು ಕೂರಿಸಿದರೆ ತಂತಿಗಳು ಮೆಟ್ಟಿಲುಗಳಿಂದ ಸುಮಾರು 8‑10 ಮಿಲಿಮೀಟರು ಮೇಲೇಳುತ್ತವೆ. ಉಕ್ಕಿನ ತುಂಡು ಮರಕ್ಕಾಗಲಿ ಮೆಟ್ಟಿಲಿಗಾಗಲಿ ತಾಗಬಾರದು. ಎತ್ತರದ ಉದ್ದೇಶ ಅಷ್ಟೆ. ಸೀಸದ ಕಡ್ಡಿಯೊಂದು ತಂತಿಯ ಕೆಳಗೆ ಸಲೀಸಾಗಿ ಹೊಕ್ಕರೆ ಸರಿಯಾಗಿದೆಯೆಂದು ತಿಳಿಯಿರಿ. ನೈಲಾನ್ ತಂತಿಯ ಗಿಟಾರಾದರೆ ಈ ಗೊಡವೆಗೆ ಹೋಗಬೇಡಿ. ಅದಕ್ಕೆ ಉಕ್ಕಿನ ತಂತಿ ಬಿಗಿದರೆ ಎಳೆತವನ್ನು ತಾಳಲಾರದೆ ಕುದುರೆ ಕಿತ್ತು ಬರುತ್ತದೆ.

ಶ್ರುತಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಎಡವಿ ತಂತಿಗಳನ್ನು ಹರಿದುಕೊಳ್ಳುವವರು ಬಹಳ. ದಪ್ಪ ತಂತಿಯಿಂದ ತೆಳುವಿನ ಕಡೆಗೆ ಆರು ತಂತಿಗಳನ್ನು ಸ, ಪ, ಸ, ಗ, ಪ, ಸ ಎಂದು ಕೂರಿಸಿ. ಷಡ್ಜಕ್ಕೆ ಪೇಟಿಯ ಬಿಳಿ ಎರಡನ್ನು ಹಿಡಿಯಿರಿ. ಗಿಟಾರಿನ ಸಾಮಾನ್ಯ ಶ್ರುತಿಗೆ ಹೋಲಿಸಿದರೆ ಇದರಲ್ಲಿ ನಾಲ್ಕು ತಂತಿಗಳು ಇಳಿಯುತ್ತವೆ, ಎರಡು ಇದ್ದಲ್ಲೇ ಇರುತ್ತವೆ, ಒಂದೂ ಏರುವುದಿಲ್ಲ. ಹೀಗಾಗಿ ವಾದ್ಯದ ಕತ್ತಿನ ಮೇಲೆ ಭಾರ ಹೆಚ್ಚುವುದಿಲ್ಲ. ಕೋಮಲ ಗಾಂಧಾರದ ರಾಗಗಳನ್ನು ನುಡಿಸುವಾಗ ಆ ಗ ತಂತಿಯನ್ನು ಅರ್ಧ ಮನೆ ಇಳಿಸಿದರಾಯಿತು. ಇನ್ನು ತೆಳು ತಂತಿಯ ಮೇಲೆ ತುಂಡನ್ನಿಟ್ಟು ಸಾಗಿದರೆ 2ನೆಯ ಮೆಟ್ಟಿಲಿನ ಮೇಲೆ ರಿ, 4ರಲ್ಲಿ ಗ, 5ರಲ್ಲಿ ಮ, 7ರಲ್ಲಿ ಪ, 9ರಲ್ಲಿ ಧ, 11ರಲ್ಲಿ ನಿ, 12ರಲ್ಲಿ ತಾರ ಷಡ್ಜ. ಬೆರಳಿನಿಂದ ಒತ್ತುವ ಗಿಟಾರಿನಲ್ಲಿ ಮೆಟ್ಟಿಲಿನ ಹಿಂದೆ ಒತ್ತುತ್ತಾರೆ. ಇಲ್ಲಿ ತುಂಡು ಮೆಟ್ಟಿಲಿನ ನೇರ ನೆತ್ತಿಯ ಮೇಲೆ ನಿಲ್ಲಬೇಕು.

ಆದರೆ ಮೆಟ್ಟಿಲುಗಳು ಕೇವಲ ಊರಿನ ಮೈಲಿಗಲ್ಲುಗಳಂತೆ. ಮನೆಯ ಬಾಗಿಲನ್ನು ಅವು ತೋರಿಸವು. ಗಿಟಾರಿನ ಮೆಟ್ಟಿಲುಗಳನ್ನು ಪಿಯಾನೋವಿನ ಸಮಭಾಗದ ಲೆಕ್ಕದಲ್ಲಿ ಹಾಕಿರುತ್ತಾರೆ. ತಂಬೂರಿಯೊಡನೆ ಬೆರೆಯುವ ಶುದ್ಧ ಗಾಂಧಾರ 4ನೆಯ ಮೆಟ್ಟಿಲಿಗಿಂತ ಸುಮಾರು 4 ಮಿಲಿಮೀಟರು ಬಿರಡೆಯ ಕಡೆಗೆ ಸಿಕ್ಕುತ್ತದೆ. ಕಣ್ಣಿಗೆ ತೀರ ಸಣ್ಣ ಅಂತರ, ಕಿವಿಗೆ ಬಹು ದೊಡ್ಡದು. ಕಲಿಯುವ ಹುಡುಗ ಈ ನಾಲ್ಕು ಮಿಲಿಮೀಟರನ್ನು ತಾನಾಗಿ ಕಂಡುಕೊಂಡು, ಅಲ್ಲಿ ನಿಂತು ನಾದ ಕೂಡಿದ್ದನ್ನು ಕೇಳಿ ತಲೆಯೆತ್ತಿ ನೋಡಿದನೆಂದರೆ ಅವನಿಗೆ ಈ ವಾದ್ಯ ಒಲಿಯುತ್ತದೆ. ಹಣ ಖರ್ಚು ಮಾಡಲು ಅಡ್ಡಿಯಿಲ್ಲ. ಮೂರು ತಿಂಗಳಾದರೂ ಅವನಿಗೆ ವ್ಯತ್ಯಾಸ ಕೇಳಿಸದೆ ಹೋದರೆ, ಲಕ್ಷದ ವಾದ್ಯದಲ್ಲೂ ಕೇಳಿಸದು. ಕಮಲಾಪುರದ ತಂದೆಗೆ ನಾನು ಹೇಳಿದ ಪರೀಕ್ಷೆ ಇದೊಂದೇ. ಹುಡುಗ ಮೊದಲ ವಾರ ಮುಖ ಊದಿಸಿಕೊಂಡಿದ್ದನಂತೆ. ಎರಡನೆಯ ವಾರ ರಾತ್ರಿ ಹತ್ತು ಗಂಟೆಯಾದರೂ ನಿಲ್ಲಿಸುವುದಿಲ್ಲವೆಂದು ತಾಯಿಯ ದೂರು ಬಂತು.

ಉಕ್ಕಿನ ತುಂಡಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಗುರವಾದ ಟೊಳ್ಳು ಕೊಳವೆ ತಂತಿಯ ಮೇಲೆ ಕುಣಿದು ಕಿರಿಕಿರಿ ಶಬ್ದ ಮಾಡುತ್ತದೆ. ತುಂಬು ಉಕ್ಕಿನ, ಕನ್ನಡಿಯ ಹಾಗೆ ನುಣುಪಾದ, ಒಂದು ತುದಿ ಗುಂಡಗಿರುವ ತುಂಡನ್ನು ಆರಿಸಿ. 100ರಿಂದ 200 ಗ್ರಾಂ ತೂಗುವುದು ಲೇಸು. ಪಕ್ಕದಲ್ಲಿ ಬೆರಳು ಕೂರಲು ಹಳ್ಳವಿರುವ ತುಂಡುಗಳೂ ಉಂಟು. ಚಿಕ್ಕ ಕೈಗಳಿಗೆ ಅವು ಅನುಕೂಲ, ಜಾರಿ ಬೀಳುವುದಿಲ್ಲ. ಅಂಗಡಿಯಲ್ಲಿ ಸಿಕ್ಕದಿದ್ದರೆ ಲೇತು ಯಂತ್ರವಿರುವ ಕಾರ್ಖಾನೆಯಲ್ಲಿ ತುಕ್ಕು ಹಿಡಿಯದ ಉಕ್ಕಿನ ಸರಳನ್ನು ಕತ್ತರಿಸಿ ಉಜ್ಜಿಸಿಕೊಳ್ಳಬಹುದು. ಉಗುರಿನಿಂದ ಕೆರೆದು ನೋಡಿ. ಗೀರು ಸಿಕ್ಕಿದರೆ ಇನ್ನೊಮ್ಮೆ ಉಜ್ಜಲು ಹೇಳಿ. ಬಲಗೈಗೆ ಹೆಬ್ಬೆರಳಿಗೊಂದು, ಮುಂದಿನ ಎರಡು ಬೆರಳುಗಳಿಗೆ ಒಂದೊಂದು ನಖಿ ಬೇಕು. ತುಂಡಿನ ಹಿಂದೆ ಉಳಿದ ಎಡಗೈ ಬೆರಳುಗಳು ತಂತಿಯನ್ನು ಮೃದುವಾಗಿ ಮುಟ್ಟಿಕೊಂಡು ಸಾಗಬೇಕು. ಇಲ್ಲವಾದರೆ ಹಿಂಬದಿಯ ತಂತಿ ತನ್ನದೇ ರಾಗ ಹಾಡುತ್ತದೆ.

ಈ ಪರೀಕ್ಷೆ ದಾಟಿದ ಮೇಲೆ ನಿಜವಾದ ಹವಾಯಿ ಗಿಟಾರನ್ನು ಕೊಳ್ಳುವ ಮಾತು. ಕಲಬುರಗಿಯಿಂದ ಇದಕ್ಕಾಗಿ ಹೊರಟವರಿಗೆ ಹೈದರಾಬಾದೂ ಸೋಲಾಪುರವೂ ಹತ್ತಿರ. ಸಿತಾರು ತಂಬೂರಿಗಳಿಗೆ ಹೆಸರಾದ ಮಿರಜಿನ ಕುಶಲಕರ್ಮಿಗಳು ಮರದ ಗುಣ ಬಲ್ಲವರು. ಅಲ್ಲಿಯ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಕುದುರೆ, ಬಿರಡೆಗಳ ದುರಸ್ತಿಗೆ ಅಂಥವರ ಕೈ ದೊಡ್ಡದು. ಎಲ್ಲಿ ಕೊಂಡರೂ ಅಂಗಡಿಯಲ್ಲಿ ಕೂತು ನೋಡಬೇಕಾದ್ದನ್ನು ನೋಡಿಯೇ ಹಣ ಎಣಿಸಿ. 12ನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಬೆರಳಿನಿಂದ ಹೂವು ಮುಟ್ಟುವ ಹಾಗೆ ಮುಟ್ಟಿ ಮೀಟಿದರೆ ಗಂಟೆಯಂಥ ನಾದ ಬರುತ್ತದೆ. ಅಲ್ಲಿಯೇ ಉಕ್ಕಿನ ತುಂಡನ್ನಿಟ್ಟು ಮೀಟಿದಾಗಲೂ ಅದೇ ಸ್ವರ ಬರಬೇಕು. ಬಾರದಿದ್ದರೆ ಕುದುರೆ ತಪ್ಪು ಜಾಗದಲ್ಲಿ ಕೂತಿದೆ. ಬಿರಡೆ ತಿರುಗಿಸಿದಾಗ ತಂತಿ ಜಿಗಿಜಿಗಿದು ಏರುತ್ತದೆಯೋ ಮೆಲ್ಲಗೆ ಏರುತ್ತದೆಯೋ ಗಮನಿಸಿ. ಕತ್ತನ್ನು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ; ಬಿಲ್ಲಾಗಿದ್ದರೆ ಬೇಡ. ವಿದ್ಯುತ್ತಿನದು ಬೇಕೆನ್ನುವವರು ಧ್ವನಿವರ್ಧಕ ಪೆಟ್ಟಿಗೆಯ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಮರದ ಹೊಟ್ಟೆಯ ಗಿಟಾರಿಗೆ ಕರೆಂಟು ಹೋದರೂ ಚಿಂತೆಯಿಲ್ಲ; ನಮ್ಮ ಊರಿಗೆ ಇದು ಸಣ್ಣ ಗುಣವಲ್ಲ.

ಇಷ್ಟಾದರೂ "ನನಗೆ ಪೆಡಲ್ ಸ್ಟೀಲೇ ಬೇಕು, ಅಮೆರಿಕದ ಆ ಹಾಡುಗಳೇ ನನ್ನ ಪ್ರೀತಿ" ಎನ್ನುವವರಿದ್ದರೆ ಅವರನ್ನು ತಡೆಯುವವನು ನಾನಲ್ಲ. ಪ್ರೀತಿಯಿದ್ದರೆ ಅದು ಸರಿಯಾದ ಕಾರಣವೇ. ಅವರು ತಿಳಿಯತಕ್ಕದ್ದು ಇಷ್ಟು. ಹೊಸದು ಸಾವಿರ ಡಾಲರಿಗೂ ಮಿಗಿಲು. ಸಾಗಣೆ, ಸುಂಕ ಬೇರೆ. ಆರಂಭಿಕರಿಗೆಂದು ಅಗ್ಗವಾಗಿ ಮಾಡಿದ, ಪೆಡಲುಗಳಿದ್ದು ಮಂಡಿಯಿಂದ ತಳ್ಳುವ ಕೀಲುಗಳು ಇಲ್ಲದ ಅಥವಾ ಒಂದೇ ಇರುವ ವಾದ್ಯಗಳು ಬೇಗ ಬೇಸರ ತರಿಸುತ್ತವೆ. ಹತ್ತು ತಂತಿ, ಮೂರು ಪೆಡಲು, ನಾಲ್ಕು ಮಂಡಿ ಕೀಲು ಇದ್ದರೆ ಕಲಿಕೆಗೆ ಬೇಕಾದದ್ದೆಲ್ಲ ಇದ್ದಂತೆ. ಪಾಠದ ಪುಸ್ತಕಗಳೂ ಧ್ವನಿಮುದ್ರಿಕೆಗಳೂ ಹೆಚ್ಚಾಗಿ ಇರುವುದು ಇ‑ನೈನ್ ಎಂಬ ಶ್ರುತಿಗೆ. ಎರಡು ಕತ್ತುಗಳ ವಾದ್ಯ ಕಣ್ಣಿಗೆ ಭವ್ಯ, ಹೊರಲು ಭಾರ, ಮೊದಲಿಗೆ ಅನವಶ್ಯಕ. ಹಳೆಯದನ್ನು ಕೊಳ್ಳುವುದಾದರೆ ಪ್ರತಿಯೊಂದು ಪೆಡಲನ್ನೂ ಒತ್ತಿ ಬಿಡಿ: ತಂತಿ ಏರಬೇಕಾದಲ್ಲಿಗೆ ಏರಿ, ಬಿಟ್ಟಾಗ ಹೊರಟ ಜಾಗಕ್ಕೇ ಮರಳಬೇಕು. ಒಂದನ್ನು ಒತ್ತುವಾಗ ಮಿಕ್ಕ ತಂತಿಗಳು ಇಳಿಯುತ್ತವೆಯೇ ಎಂದೂ ಕೇಳಿ. ಅಲ್ಪಸ್ವಲ್ಪ ಎಲ್ಲದರಲ್ಲೂ ಉಂಟು, ಕಿವಿಗೆ ಕುಟುಕುವಷ್ಟಿದ್ದರೆ ಬಿಡಿ. ಕೆಳಗೆ ಬಗ್ಗಿ ನೋಡಿದರೆ ಸರಳುಗಳೂ ಸನ್ನೆಗಳೂ ಹೊಲಿಗೆ ಯಂತ್ರದ ಹೊಟ್ಟೆಯಂತೆ ತುಂಬಿರುತ್ತವೆ. ಧೂಳು ತುಂಬಿದರೆ ಕಚ್ಚಿಕೊಳ್ಳುತ್ತವೆ. ಅದನ್ನು ಬಿಚ್ಚಿ ಸರಿಪಡಿಸುವವರು ನಮ್ಮ ಕಡೆ ವಿರಳ, ನೀವೇ ಕಲಿಯಬೇಕು. ಕಡೆಗೆ, ಇದನ್ನು ಜಮಖಾನೆಯ ಮೇಲೆ ಚಕ್ಕಂಬಟ್ಟಲು ಹಾಕಿ ಕುಳಿತು ನುಡಿಸಲಾಗದು. ಕುರ್ಚಿ ಬೇಕು, ಎರಡು ಪಾದಗಳೂ ಎರಡು ಮಂಡಿಗಳೂ ದುಡಿಯಬೇಕು. ಎತ್ತರ ಸಾಲದ ಹುಡುಗನ ಮಂಡಿಗೆ ಕೀಲು ಎಟಕದಿದ್ದರೆ ಎರಡು ವರ್ಷ ಕಾಯುವುದೇ ಮೇಲು.

ವಾದ್ಯ ಮನೆಗೆ ಬಂದ ಮೇಲೆ ಅದರ ಶತ್ರು ನಮ್ಮ ಬೇಸಿಗೆ. ಕಲಬುರಗಿಯ ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಾಗಲಿ ಬಿಸಿಲಿನಲ್ಲಿ ನಿಂತ ಮೋಟಾರಿನಲ್ಲಾಗಲಿ ಇಟ್ಟರೆ ಕುದುರೆಯ ಅಂಟು ಸಡಿಲಿ ಮೇಲೇಳುತ್ತದೆ. ಹಾಗೆಂದು ಕೂಲರಿನ ಎದುರಿಗೆ ನಿಲ್ಲಿಸಲೂ ಬೇಡಿ. ಹಗಲೆಲ್ಲ ಒಣಗಿದ ಮರ ರಾತ್ರಿ ನೀರಿನ ಗಾಳಿ ಕುಡಿದು ಉಬ್ಬಿದರೆ ಸೀಳು ಬೀಳುತ್ತದೆ. ಒಳಗೋಡೆಯ ಬದಿಯಲ್ಲಿ, ಪೆಟ್ಟಿಗೆಯೊಳಗೆ ಮುಚ್ಚಿಡುವುದು ಕ್ಷೇಮ. ತಿಂಗಳುಗಟ್ಟಲೆ ನುಡಿಸದೆ ಇಡುವುದಾದರೆ ತಂತಿಗಳನ್ನು ಒಂದೆರಡು ಮನೆ ಇಳಿಸಿ.

ನುಡಿಸಿದ ಮೇಲೆ ಬೆವರು ಹಿಡಿದ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ. ತುಕ್ಕು ಹತ್ತಿದ ತಂತಿಯ ಮೇಲೆ ಉಕ್ಕು ಜಾರುವಾಗ ಬರುವ ಕರಕರ ಶಬ್ದವನ್ನು ಯಾವ ಸಾಧನೆಯೂ ಮುಚ್ಚಲಾರದು. ಹೊಸ ಕಟ್ಟು ತರುವಾಗ ತೆಳು ತಂತಿಗಳನ್ನು ಮಾತ್ರ ಎರಡೆರಡು ಹೆಚ್ಚಾಗಿ ತನ್ನಿ. ಮೊದಲು ಹರಿಯುವುದು ಅವೇ. ಅದೂ ಸಾಮಾನ್ಯವಾಗಿ ಅಂಗಡಿ ಮುಚ್ಚಿರುವ ಭಾನುವಾರ ಸಂಜೆ.